ಕರ್ಕಾಟಕದ ಕಂಬ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ನಾನು ಅಷ್ಟೆಲ್ಲ ಹೇಳಲಿಲ್ಲ, ಒಂದೇ ಒಂದು ಹೇಳಿದೆ. ಅದನ್ನೂ ಬಾಯಲ್ಲಿ ಹೇಳಿದ್ದಲ್ಲ, ಕೀಬೋರ್ಡಿನಲ್ಲಿ ಒತ್ತಿದ್ದು. ಆದರೂ ಅದು ನನ್ನನ್ನು ಶೃಂಗೇರಿಯ ಕಲ್ಲಿನ ಗುಡಿಯೊಳಗೆ ಹಿಡಿದು ಹಾಕಿದ ರೀತಿಯನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇತ್ತು. ಝೆರಾಕ್ಸ್, ಮದುವೆ ಕಾಗದ, ತಾಲ್ಲೂಕು ಆಫೀಸಿನ ಅರ್ಜಿ, ಇವುಗಳ ಜೊತೆಗೆ ಕಂಪ್ಯೂಟರ್ ಜಾತಕ. ಹುಟ್ಟಿದ ದಿನ, ಹೊತ್ತು, ಊರು ಹಾಕಿದರೆ ಸಾಕು, ಹನ್ನೆರಡು ಪುಟದ ಜಾತಕ ಕರಕರ ಸದ್ದು ಮಾಡುತ್ತ ಪ್ರಿಂಟರಿನಿಂದ ಹೊರಗೆ ಬರುತ್ತಿತ್ತು. ಜನ ಅದನ್ನು ಎರಡು ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನಾನು ಇದನ್ನೆಲ್ಲ ನಂಬುವವಳಲ್ಲ ಎಂದು ಗಿರಾಕಿಗಳ ಎದುರಿಗಲ್ಲದಿದ್ದರೂ ಮನೆಯಲ್ಲಿ ಜಂಬದಿಂದ ಹೇಳಿಕೊಳ್ಳುತ್ತಿದ್ದೆ. ಹಲ್ಲಿ ಲೊಚಗುಟ್ಟಿದರೆ ಮಾತ್ರ ನೆಲಕ್ಕೆ ಬೆರಳು ಕುಟ್ಟಿ ಕೃಷ್ಣ ಕೃಷ್ಣ ಎನ್ನುತ್ತಿದ್ದೆ. ಅದು ನಂಬಿಕೆಯಲ್ಲ, ಅಭ್ಯಾಸ ಎಂದು ನನ್ನ ವಾದ.

ನನ್ನ ತಂಗಿ ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವಳು. ಅಪ್ಪನ ಜೊತೆ ಶೆಟ್ಟಿಕೊಪ್ಪದಲ್ಲಿದ್ದಳು, ಅಲ್ಲಿಯ ಅಂಗನವಾಡಿಯಲ್ಲಿ ಕೆಲಸ. ಅಪ್ಪ ಪೋಸ್ಟ್‌ಮನ್ ಆಗಿ ನಿವೃತ್ತರಾದವರು. ಅಮ್ಮ ತೀರಿಕೊಂಡು ಬಹಳ ವರ್ಷವಾಗಿದ್ದರಿಂದ ತಂಗಿಗೆ ಗಂಡು ಹುಡುಕುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ಹುಡುಗಿಯ ಬಗ್ಗೆ ಯಾರೂ ಕೊಂಕು ಆಡುವ ಹಾಗಿರಲಿಲ್ಲ. ಕೊಂಕು ಇದ್ದದ್ದು ಅವಳ ನಕ್ಷತ್ರದಲ್ಲಿ. ಅವಳದು ಆಶ್ಲೇಷಾ, ಕರ್ಕಾಟಕ ರಾಶಿ. ಮೂಲಾ ಮಾವನಿಗೆ ಆಗದು, ಆಶ್ಲೇಷಾ ಅತ್ತೆಗೆ ಆಗದು ಎಂಬುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಆಶ್ಲೇಷಾದ ಸೊಸೆ ಮನೆಗೆ ಕಾಲಿಟ್ಟರೆ ಅತ್ತೆ ಬಹಳ ದಿನ ಬಾಳುವುದಿಲ್ಲವಂತೆ. ಜಾತಕ ನೋಡಿ ಸೈ ಎನ್ನುವವರು ಅತ್ತೆಯಂದಿರೇ ಆದ್ದರಿಂದ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಹೀಗೆ ಮೂರು ಸಂಬಂಧ ತಪ್ಪಿತು. ಮೂರು ಸಲವೂ ಉಪ್ಪಿಟ್ಟು ಕೇಸರಿಬಾತು ಮಾಡಿದ್ದಾಯಿತು, ಹುಡುಗಿ ಒಪ್ಪಿಗೆ ಎಂದು ಅವರು ಹೇಳಿ ಹೋದದ್ದಾಯಿತು, ಆಮೇಲೆ ಜಾತಕ ಅಂಚೆಯಲ್ಲಿ ವಾಪಸು ಬಂತು. ಅಪ್ಪ ಲಕೋಟೆ ಒಡೆಯುತ್ತಲೇ ಇರಲಿಲ್ಲ. ಕೈಯಲ್ಲಿ ತೂಗಿ ನೋಡಿ, ದಪ್ಪ ಇದ್ದರೆ ಜಾತಕ ಒಳಗಿದೆ ಎಂದು ಗೋಡೆಯ ಗೂಡಿನಲ್ಲಿ ಇಟ್ಟುಬಿಡುತ್ತಿದ್ದರು. ಮೂರನೆಯ ಲಕೋಟೆ ಬಂದ ದಿನ ತಂಗಿ ಅಂಗನವಾಡಿಯಿಂದ ಬಂದವಳು ಅದನ್ನು ನೋಡಿ ಕೈಕಾಲು ತೊಳೆದು ಅಕ್ಕಿ ಆರಿಸಲು ಕೂತಳಂತೆ. ಅಪ್ಪ ಇದನ್ನು ನನಗೆ ಫೋನಿನಲ್ಲಿ ಹೇಳಿದರು. ನಾಲ್ಕನೆಯದು ಬರಬಾರದು ಎಂದು ನಾನು ತೀರ್ಮಾನಿಸಿದ್ದು ಆ ಫೋನು ಇಟ್ಟ ಮೇಲೆ.

ತಂಗಿ ಹುಟ್ಟಿದ್ದು ನರಸಿಂಹರಾಜಪುರದ ಆಸ್ಪತ್ರೆಯಲ್ಲಿ, ಬೆಳಗಿನ ಜಾವ ನಾಲ್ಕೂ ಐವತ್ತಕ್ಕೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ನಾಲ್ಕೂ ಐವತ್ತರ ಜಾಗದಲ್ಲಿ ಐದು ಎಂದು ಒತ್ತಿದೆ. ಆಶ್ಲೇಷಾ. ಐದೂವರೆ ಒತ್ತಿದೆ. ಆಶ್ಲೇಷಾ. ಆರು, ಆರೂ ಇಪ್ಪತ್ತು, ಎಲ್ಲಕ್ಕೂ ಆಶ್ಲೇಷಾವೇ. ಆರೂ ನಲವತ್ತಕ್ಕೆ ಪರದೆಯ ಮೇಲೆ ಮಖಾ ನಕ್ಷತ್ರ, ಸಿಂಹ ರಾಶಿ ಎಂದು ಬಂತು. ಒಂದು ಗಂಟೆ ಐವತ್ತು ನಿಮಿಷ ಅಷ್ಟೇ. ಅಷ್ಟು ಹೊತ್ತು ಅವಳು ಹೊಟ್ಟೆಯಲ್ಲೇ ಇದ್ದಿದ್ದರೆ ಯಾರ ಗಂಟು ಹೋಗುತ್ತಿತ್ತು ಎಂದು ನನಗೆ ಸಿಟ್ಟೇ ಬಂತು. ಹನ್ನೆರಡೂ ಪುಟ ಪ್ರಿಂಟ್ ತೆಗೆದು, ಮೇಲೆ ಅರಿಶಿನ ಕುಂಕುಮ ಹಚ್ಚಿ, ಹಿರೇಕೊಡಿಗೆ ಕಡೆಯ ಒಂದು ಮನೆಗೆ ಕಳಿಸಿದೆ. ಅಪ್ಪನಿಗೆ ಹೇಳಲಿಲ್ಲ. ತಂಗಿಗೂ ಹೇಳಲಿಲ್ಲ.

ಆ ಹುಡುಗ ಹೈಸ್ಕೂಲಿನಲ್ಲಿ ಮೇಷ್ಟ್ರು. ತಂದೆ ಇಲ್ಲ, ಮನೆಯಲ್ಲಿ ತಾಯಿಯದೇ ಮಾತು. ಜೋಯಿಸರು ಜಾತಕ ಕೂಡಿ ಬರುತ್ತದೆ ಎಂದರಂತೆ. ತಾಯಿ ನನ್ನ ಅಂಗಡಿಯ ನಂಬರಿಗೇ ಫೋನು ಮಾಡಿದರು. ಮನೆಗೆ ಬಂದು ಹೆಣ್ಣು ನೋಡಿ ಆಚೀಚೆ ಮನೆಯವರಿಗೆ ಮಾತಾಗುವುದು ಬೇಡ, ಶೃಂಗೇರಿಯಲ್ಲಿ ಸೇರೋಣ, ಅಮ್ಮನವರ ದರ್ಶನವೂ ಆಗುತ್ತದೆ, ಹುಡುಗ ಹುಡುಗಿ ನೋಡಿಕೊಂಡ ಹಾಗೂ ಆಗುತ್ತದೆ ಎಂದರು. ಎಷ್ಟು ತಿಳಿದ ಹೆಂಗಸು ಎಂದು ನನಗೆ ಖುಷಿಯಾಯಿತು. ಆಗಬಹುದು ಎಂದು ತಕ್ಷಣ ಒಪ್ಪಿಬಿಟ್ಟೆ.

ಮಾಘ ಮಾಸದ ಒಂದು ಭಾನುವಾರ ಅಪ್ಪ, ತಂಗಿ ಬೆಳಿಗ್ಗೆಯ ಬಸ್ಸಿಗೆ ಕೊಪ್ಪಕ್ಕೆ ಬಂದರು. ಅಲ್ಲಿಂದ ಮೂವರೂ ಶೃಂಗೇರಿಯ ಬಸ್ಸು ಹತ್ತಿದೆವು. ಅಪ್ಪ ಮುಂದಿನ ಸೀಟಿನಲ್ಲಿ, ನಾವಿಬ್ಬರು ಹಿಂದೆ. ಭಂಡಿಗಡಿ ದಾಟುವವರೆಗೂ ನಾನು ಸುಖವಾಗಿದ್ದೆ, ಅವಳ ಜಡೆಗೆ ಇಟ್ಟ ಹೂವನ್ನು ಸರಿ ಮಾಡುತ್ತಿದ್ದೆ. ಆಗ ಅವಳು, ಗಂಡಿನ ಕಡೆಯವರು ಎಲ್ಲಿ ಸಿಗುತ್ತಾರೆ ಎಂದು ಕೇಳಿದಳು. ವಿದ್ಯಾಶಂಕರ ಗುಡಿಯ ಹತ್ತಿರ ಎಂದೆ. ಎಂದವಳ ಕೈ ಅವಳ ಜಡೆಯ ಮೇಲೇ ನಿಂತುಹೋಯಿತು.

ಆ ಗುಡಿಯ ಮುಂಭಾಗದ ಮಂಟಪದಲ್ಲಿ ಹನ್ನೆರಡು ಕಂಬಗಳಿವೆ. ಒಂದೊಂದು ಕಂಬಕ್ಕೆ ಒಂದೊಂದು ರಾಶಿ, ರಾಶಿಯ ಚಿತ್ರವನ್ನು ಕಂಬದಲ್ಲೇ ಕೆತ್ತಿದ್ದಾರೆ. ಸೂರ್ಯ ಯಾವ ರಾಶಿಗೆ ಬರುತ್ತಾನೋ ಆ ತಿಂಗಳು ಆ ಕಂಬದ ಮೇಲೆ ಬಿಸಿಲು ಬೀಳುತ್ತದೆ ಎನ್ನುತ್ತಾರೆ. ಹೋದವರೆಲ್ಲ ಮೊದಲು ತಮ್ಮ ತಮ್ಮ ರಾಶಿಯ ಕಂಬ ಹುಡುಕಿ, ಅದನ್ನು ಮುಟ್ಟಿ ನಮಸ್ಕಾರ ಮಾಡುತ್ತಾರೆ. ಯಾರೂ ಹೇಳಿಕೊಟ್ಟ ಶಾಸ್ತ್ರವಲ್ಲ, ಕಾಲು ತಾನಾಗಿ ಹೋಗುತ್ತದೆ. ಜಾತಕ ತಿದ್ದಿದವಳು ಜಗತ್ತಿನ ಯಾವ ಗುಡಿಗೆ ಬೇಕಾದರೂ ಹೋಗಬಹುದಿತ್ತು, ಇದೊಂದಕ್ಕೆ ಹೋಗಬಾರದಿತ್ತು.

ಅಪ್ಪನ ತಲೆ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು, ಬಸ್ಸಿನಲ್ಲಿ ಹೇಳುವ ಹಾಗಿಲ್ಲ. ಹೇಳದೆ ಇರುವ ಹಾಗೂ ಇಲ್ಲ. ತಿರುವು ತಿರುವಿಗೂ ಯೋಚನೆ ಬದಲಾಯಿತು. ಮಳೆ ಬಂದರೆ ಎಂದುಕೊಂಡೆ, ಮಾಘದಲ್ಲಿ ಮಳೆ ಎಲ್ಲಿಂದ ಬರಬೇಕು. ಅವರ ಬಸ್ಸು ಕೆಟ್ಟು ನಿಂತರೆ ಎಂದುಕೊಂಡೆ, ಆಮೇಲೆ ತಪ್ಪಾಯಿತು ದೇವರೇ ಎಂದು ತುಟಿಯೊಳಗೇ ಅಂದುಕೊಂಡೆ. ಅಪ್ಪ ಹಿಂತಿರುಗಿ, "ಎಂತ ಮಾರಾಯ್ತಿ, ವಾಂತಿ ಬರ್ತದಾ?" ಎಂದು ಕೇಳಿದರು. ಇಲ್ಲ ಎಂದು ತಲೆ ಅಲ್ಲಾಡಿಸಿದೆ, ಆದರೂ ಅವರು ಜೇಬಿನಿಂದ ಒಣಗಿದ ನಿಂಬೆಹಣ್ಣು ತೆಗೆದು ಕೊಟ್ಟರು.

ಶೃಂಗೇರಿಯಲ್ಲಿ ಇಳಿದು, ಅಪ್ಪ ಹಣ್ಣುಕಾಯಿ ಕೊಳ್ಳಲು ನಿಂತಾಗ ತಂಗಿಯನ್ನು ಅಂಗಡಿಯ ಮರೆಗೆ ಎಳೆದುಕೊಂಡು ಹೋದೆ. ಹುಟ್ಟಿದ ಹೊತ್ತು ತಿದ್ದಿದ್ದನ್ನು ಎರಡೇ ಮಾತಿನಲ್ಲಿ ಹೇಳಿದೆ. ನಿನ್ನದು ಸಿಂಹ ರಾಶಿ, ಮಖಾ ನಕ್ಷತ್ರ, ಯಾರು ಕೇಳಿದರೂ ಅಷ್ಟೇ ಹೇಳು, ಕಂಬದ ಹತ್ತಿರ ಹೋದರೆ ಸಿಂಹದ ಕಂಬಕ್ಕೇ ಹೋಗು ಎಂದೆ. ಅವಳು ನನ್ನ ಮುಖವನ್ನು ನೋಡಿ, ಆಮೇಲೆ ಅಂಗಡಿಯಲ್ಲಿ ತೂಗುಹಾಕಿದ್ದ ಕುಂಕುಮದ ಪೊಟ್ಟಣಗಳನ್ನು ನೋಡಿದಳು. ಸಿಟ್ಟಾಗಿದ್ದರೆ ಬೈದುಬಿಡು, ನನಗೆ ಸಮಾಧಾನ ಆಗುತ್ತದೆ ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಅಪ್ಪ ಚೀಲ ಹಿಡಿದುಕೊಂಡು ಬಂದರು.

ಅಪ್ಪನೇ ನನಗೆ ದೊಡ್ಡ ಅಪಾಯ. ಮೂವತ್ತು ವರ್ಷ ಊರಿನವರ ಕಾಗದವನ್ನು ಅವರವರ ಕೈಗೇ ಮುಟ್ಟಿಸಿದ ಮನುಷ್ಯ, ಸುಳ್ಳು ಹೇಳಲು ಬಾರದು. ಯಾರಾದರೂ ಮಗಳ ನಕ್ಷತ್ರ ಎತ್ತಿದರೆ ಆಶ್ಲೇಷಾ, ನಾಲ್ಕನೇ ಪಾದ ಎಂದು ಪಾದದ ಸಮೇತ ಹೇಳಿಬಿಡುತ್ತಾರೆ. ಗಂಡಿನ ಕಡೆಯವರು ಸಿಕ್ಕಿ ನಮಸ್ಕಾರ, ಊಟ ತಿಂಡಿಯ ಮಾತು ಆಗುತ್ತಿದ್ದ ಹಾಗೇ ನಾನು ಅಪ್ಪನ ಕೈಗೆ ಒಂದು ಪೊಟ್ಟಣ ಮಂಡಕ್ಕಿ ಕೊಟ್ಟು, ಮಂಡಿ ನೋವಿನಲ್ಲಿ ಗುಡಿಯ ಮೆಟ್ಟಿಲು ಹತ್ತುವುದು ಬೇಡ, ಹೊಳೆಯಲ್ಲಿ ಮೀನಿಗೆ ಹಾಕುತ್ತಾ ಕೂತಿರಿ ಎಂದೆ. ಗುಡಿಗಿಂತ ಹೊಳೆಗೇ ಮೆಟ್ಟಿಲು ಜಾಸ್ತಿ ಅಲ್ಲವಾ ಎಂದು ಅವರು ನ್ಯಾಯವಾಗಿಯೇ ಕೇಳಿದರು. ನನ್ನ ಕಣ್ಣಿನಲ್ಲಿ ಏನು ಕಂಡರೋ, ಪೊಟ್ಟಣ ಹಿಡಿದು ತುಂಗೆಯ ಕಡೆ ಹೊರಟರು.

ಗಂಡಿನ ಕಡೆಯಿಂದ ಮೂವರು ಬಂದಿದ್ದರು: ಹುಡುಗ, ಅವನ ತಾಯಿ, ಅವನ ಸೋದರಮಾವ. ಹುಡುಗ ಸಾಧು, ಕೈ ಎಲ್ಲಿಡಬೇಕೆಂದು ತಿಳಿಯದೆ ಹಿಂದೆ ಕಟ್ಟಿಕೊಂಡಿದ್ದ. ತಾಯಿ ಗಟ್ಟಿಮುಟ್ಟಾದ ಹೆಂಗಸು, ದಪ್ಪ ಕನ್ನಡಕ, ಮಾತು ಕಡಿಮೆ. ಬಂದವರೇ ತಂಗಿಯ ಕೈ ಹಿಡಿದು ಅಂಗನವಾಡಿಯಲ್ಲಿ ಎಷ್ಟು ಮಕ್ಕಳು, ಹಾಲಿನ ಪುಡಿ ಸರಿಯಾಗಿ ಬರುತ್ತದಾ ಎಂದು ವಿಚಾರಿಸಿದರು. ಸೋದರಮಾವ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರಿಗೆ ಹೆಣ್ಣು ನೋಡುವುದಕ್ಕಿಂತ ಗುಡಿ ತೋರಿಸುವುದರಲ್ಲಿ ಉತ್ಸಾಹ.

ಅವರು ನಮ್ಮನ್ನು ಮೊದಲು ಹೊರಗಿನಿಂದ ಸುತ್ತು ಹಾಕಿಸಿದರು. ಎತ್ತರದ ಜಗಲಿಯ ಮೇಲೆ ಗುಡಿ ಕೂತಿದೆ, ಅದರ ಗೋಡೆ ನೆಟ್ಟಗಿಲ್ಲ, ಮಡಿಕೆ ಮಡಿಕೆಯಾಗಿ ಒಳಗೆ ಹೊರಗೆ ಹೋಗುತ್ತದೆ. ಎರಡು ಕಡೆಯ ತುದಿಯೂ ದುಂಡಾಗಿ ತಿರುಗುವುದರಿಂದ ಮೂಲೆ ಎಲ್ಲಿ ಮುಗಿಯಿತು ಎಂದು ಗೊತ್ತಾಗುವುದಿಲ್ಲ ಎಂದು ಡ್ರಾಯಿಂಗ್ ಮೇಷ್ಟ್ರು ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿದರು. ಒಟ್ಟು ಆರು ಬಾಗಿಲು. ಕೆಳಗಿನ ಪಟ್ಟಿಯಲ್ಲಿ ಆನೆ, ಕುದುರೆ, ಅದರ ಮೇಲೆ ಸಾಲಾಗಿ ದೇವರುಗಳು, ಸೂರಿನ ಮೂಲೆಯಲ್ಲಿ ಕಲ್ಲಿನದೇ ಬಳೆಗಳು. ಬೇರೆ ದಿನವಾಗಿದ್ದರೆ ನಾನು ಒಂದೊಂದನ್ನೂ ಬಾಯಿ ಬಿಟ್ಟು ನೋಡುತ್ತಿದ್ದೆ. ಅಂದು ಆರು ಬಾಗಿಲು ಎಂದ ಕೂಡಲೇ, ಇವರನ್ನು ಹಿಂದಿನ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋಗಿ ಕಂಬದ ಮಂಟಪ ತಪ್ಪಿಸಬಹುದಾ ಎಂದು ಲೆಕ್ಕ ಹಾಕಿದೆ. ಕಾಲು ಸುಡುತ್ತದೆ, ಬೇಗ ದರ್ಶನ ಮಾಡಿ ಊಟಕ್ಕೆ ಹೋಗೋಣ ಎಂದು ಎರಡು ಸಲ ಹೇಳಿದೆ. ಊಟಕ್ಕೆ ಇನ್ನೂ ಹೊತ್ತುಂಟು ಎಂದರು ಹುಡುಗನ ತಾಯಿ.

ಒಳಗೆ ಕಾಲಿಟ್ಟಾಗ ಕಲ್ಲು ತಣ್ಣಗಿತ್ತು. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ, ಹಾಗೇ ಇದ್ದಿದ್ದರೆ ಚೆನ್ನಾಗಿತ್ತು. ಸ್ವಲ್ಪ ಹೊತ್ತಿಗೆ ಹನ್ನೆರಡೂ ಕಂಬಗಳು ಕಂಡವು. ಪ್ರತಿ ಕಂಬಕ್ಕೂ ಎದ್ದು ನಿಂತ ಸಿಂಹದಂಥ ಪ್ರಾಣಿ, ಅದರ ಬಾಯೊಳಗೆ ಉರುಳುವ ಕಲ್ಲಿನ ಗುಂಡು. ಬಾಯಿಗಿಂತ ಗುಂಡು ದೊಡ್ಡದು, ಹೊರಗೆ ತೆಗೆಯಲು ಬರುವುದಿಲ್ಲ, ಒಳಗೇ ಕೊರೆದದ್ದು ಎಂದು ಮೇಷ್ಟ್ರು ಅಳಿಯನಿಂದ ಬೆರಳು ಹಾಕಿಸಿ ಉರುಳಿಸಿ ತೋರಿಸಿದರು. ಬಿಸಿಲಿನ ಲೆಕ್ಕಕ್ಕೆ ನೆಲದಲ್ಲಿ ಕೊರೆದ ಗೆರೆಗಳನ್ನು ತೋರಿಸಿದರು. ಈಗ ಸೂರ್ಯ ಕುಂಭದಲ್ಲಿದ್ದಾನೆ ಎಂದು ಕುಂಭದ ಕಂಬದ ಕಡೆ ಕೈ ಮಾಡಿದರು. ನಾನು ತಂಗಿಯ ಮುಖ ನೋಡುತ್ತಿದ್ದೆ. ಅವಳು ಯಾರದೋ ಮನೆಗೆ ಬಂದ ಅತಿಥಿಯ ಹಾಗೆ ಶಾಂತವಾಗಿದ್ದಳು, ಅದೇ ನನ್ನನ್ನು ಇನ್ನೂ ಹೆದರಿಸಿತು.

ಆಮೇಲೆ ನಾನು ಹೆದರಿದ್ದ ಮಾತು ಬಂತು. ಮೇಷ್ಟ್ರು ಶಾಲೆಯ ಮಕ್ಕಳಿಗೆ ಹೇಳುವಂತೆ, ಎಲ್ಲರೂ ಅವರವರ ರಾಶಿಯ ಕಂಬದ ಹತ್ತಿರ ಹೋಗಿ ನಿಲ್ಲಿ ನೋಡೋಣ ಎಂದರು. ತಾಯಿ ಮೀನದ ಕಡೆ ಹೋದರು. ಹುಡುಗ ನಾಚಿಕೊಂಡು ವೃಷಭದ ಹತ್ತಿರ ನಿಂತ. ನನ್ನದು ತುಲಾ. ಆದರೆ ನಾನು ಸಿಂಹದ ಕಂಬಕ್ಕೆ ಓಡಿದೆ. ಕಳೆದುಹೋದ ಕರುವಿಗೆ ದಾರಿ ತೋರಿಸುವ ಹಾಗೆ ಅಲ್ಲಿ ನಿಂತು, ಇಲ್ಲಿ ಬಾ ಎಂದು ತಂಗಿಗೆ ಕಣ್ಣಿನಲ್ಲೇ ಸನ್ನೆ ಮಾಡಿದೆ. ಓಹೋ, ಅಕ್ಕ ತಂಗಿ ಇಬ್ಬರದೂ ಸಿಂಹವೇ ಎಂದು ಮೇಷ್ಟ್ರು ನಕ್ಕರು. ಹೌದು ಎಂದೆ. ಒಂದು ಸುಳ್ಳಿದ್ದದ್ದು ಎರಡಾಯಿತು.

ತಂಗಿ ನನ್ನ ಕಡೆಗೇ ಬಂದಳು. ಅವಳ ಸೆರಗು ನನ್ನ ಕೈಗೆ ತಗುಲಿತು. ಬದುಕಿದೆ ಎಂದುಕೊಳ್ಳುವಷ್ಟರಲ್ಲಿ ಅವಳು ನನ್ನನ್ನು ದಾಟಿ ಹೋಗಿ ಪಕ್ಕದ ಕಂಬದ ಎದುರು ನಿಂತಳು. ಕೈ ಚಾಚಿ, ಕಲ್ಲಿನಲ್ಲಿ ಕೆತ್ತಿದ ಏಡಿಯ ಮೇಲೆ ಅಂಗೈ ಇಟ್ಟಳು. ಹುಡುಕಬೇಕಾಗಲಿಲ್ಲ ಅವಳಿಗೆ, ಅದು ಎಲ್ಲಿದೆ ಎಂದು ಗೊತ್ತಿತ್ತು. ಸಣ್ಣವಳಿದ್ದಾಗ ಅಮ್ಮ ಅವಳನ್ನು ಕಂಕುಳಲ್ಲಿ ಎತ್ತಿ ಅದೇ ಏಡಿಯನ್ನು ಮುಟ್ಟಿಸುತ್ತಿದ್ದರು. ಇದು ನಿನ್ನದು ಎನ್ನುತ್ತಿದ್ದರು.

ಹುಡುಗನ ತಾಯಿ ಕನ್ನಡಕ ಸರಿ ಮಾಡಿಕೊಂಡು ನೋಡಿದರು. ಸಿಂಹ ಎಂದಲ್ಲವಾ ಬರೆದದ್ದು ಎಂದು ಕೇಳಿದರು. ತಂಗಿ ಬಾಯಿ ತೆರೆಯುವ ಮೊದಲೇ ನಾನು ನಡುವೆ ಬಾಯಿ ಹಾಕಿದೆ. ಎಲ್ಲ ಕಂಬಕ್ಕೂ ಸಿಂಹವೇ ಇದೆಯಲ್ಲ ಅಮ್ಮಾ, ಅವಳಿಗೆ ಯಾವುದು ಎಂದು ಗೊತ್ತಾಗಲಿಲ್ಲ, ಮೊದಲಿನಿಂದಲೂ ಸ್ವಲ್ಪ ಮಂಕು ಎಂದು ನಕ್ಕೆ. ಈಗ ಯೋಚಿಸಿದರೆ ಜಾತಕ ತಿದ್ದಿದ್ದಕ್ಕಿಂತ ಆ ಮಂಕು ಎಂಬ ಮಾತು ನನ್ನನ್ನು ಹೆಚ್ಚು ಚುಚ್ಚುತ್ತದೆ. ಸಂಬಂಧ ಉಳಿಸುವ ಗಡಿಬಿಡಿಯಲ್ಲಿ, ಯಾರಿಗಾಗಿ ಉಳಿಸಬೇಕಿತ್ತೋ ಅವಳನ್ನೇ ಅವರ ಎದುರಿಗೆ ಕೆಳಗೆ ಹಾಕಿದೆ. ಮೇಷ್ಟ್ರು, ಹೌದು ಹೌದು, ಹೊಸಬರಿಗೆ ಹಾಗೇ ಆಗುತ್ತದೆ ಎಂದು ನನ್ನ ಸಹಾಯಕ್ಕೆ ಬಂದರು.

ತಂಗಿ ಕೈ ತೆಗೆಯಲಿಲ್ಲ.

"ನಂಗೆ ಗೊತ್ತುಂಟು ಅಮ್ಮ. ನಂದು ಕರ್ಕಾಟಕ. ಆಶ್ಲೇಷಾ ನಕ್ಷತ್ರ," ಎಂದಳು. "ಅದು ಆಗೂದಿಲ್ಲ ಅಂತ ಮೂರು ಕಡೆ ತಪ್ಪಿತು. ಅದಕ್ಕೆ ಅಕ್ಕ ಹುಟ್ಟಿದ ಹೊತ್ತು ಮುಂದೆ ಹಾಕಿ ಬರೆದದ್ದು. ನಂಗೆ ಈಗ ಬಸ್ಸಿಳಿದ ಮೇಲೆ ಗೊತ್ತಾಯ್ತು."

ಹುಡುಗ ವೃಷಭದ ಕಂಬದಿಂದ ಒಂದು ಹೆಜ್ಜೆ ಮುಂದೆ ಬಂದು ನಿಂತ. ಮೇಷ್ಟ್ರು ಮೇಲ್ಛಾವಣಿಯ ಕೆತ್ತನೆ ನೋಡತೊಡಗಿದರು. ನನಗೆ ನೆಲ ಬಿರಿದು ಒಳಗೆ ಹೋಗಬಾರದಾ ಎನಿಸಿತು, ಆದರೆ ಆ ನೆಲ ಇಷ್ಟು ಶತಮಾನ ಯಾರಿಗೂ ಬಿರಿದದ್ದಲ್ಲ. ತಾಯಿ ಒಂದು ಸುತ್ತು ಪ್ರದಕ್ಷಿಣೆ ಹಾಕಿ ಬರುತ್ತೇನೆ ಎಂದಷ್ಟೇ ಹೇಳಿ, ಯಾರನ್ನೂ ಕರೆಯದೆ ಹೊರಗೆ ಹೋದರು.

ನಾವಿಬ್ಬರು ಹೊರಗಿನ ಮೆಟ್ಟಿಲ ಮೇಲೆ ಕೂತೆವು. ಹುಡುಗ, ಮೇಷ್ಟ್ರು ಸ್ವಲ್ಪ ದೂರದಲ್ಲಿ ನಿಂತರು. ತಾಯಿ ಒಂದು ಸುತ್ತು ಮುಗಿಸಿ ನಮ್ಮೆದುರು ಹಾದು ಹೋದರು, ನಿಲ್ಲಲಿಲ್ಲ. ಎರಡನೇ ಸುತ್ತಿಗೆ ಹೊರಟರು. ಅವರು ಗೋಡೆಯ ಮಡಿಕೆಗಳಲ್ಲಿ ಮರೆಯಾಗಿ, ಆಚೆ ಬದಿಯಿಂದ ಬರುವವರೆಗೆ ನಾನು ಆ ತಿರುವನ್ನೇ ನೋಡುತ್ತಿದ್ದೆ. ಇಷ್ಟು ಸುತ್ತು ಹಾಕುತ್ತಿದ್ದಾರೆ ಎಂದರೆ ಇನ್ನೂ ಯೋಚಿಸುತ್ತಿದ್ದಾರೆ, ಯೋಚಿಸುತ್ತಿದ್ದಾರೆ ಎಂದರೆ ಪೂರ್ತಿ ತಪ್ಪಿಲ್ಲ ಎಂದು ಒಂದು ಮನಸ್ಸು. ಪ್ರಾಣಭಯಕ್ಕೆ ದೇವರ ಮೊರೆ ಹೋಗುತ್ತಿದ್ದಾರೆ ಎಂದು ಇನ್ನೊಂದು ಮನಸ್ಸು. ಹಾಗೆ ನೋಡಿದರೆ ಹೆದರುವುದು ಅವರ ಹಕ್ಕು. ಹೋಗುವುದು ಅವರ ಜೀವ ತಾನೇ.

ಆಗ ನನಗೆ, ಬೇಡ ಬೇಡ ಎಂದರೂ, ಅಮ್ಮನ ಹದಿಮೂರನೇ ದಿನ ನೆನಪಾಯಿತು. ತಂಗಿಗೆ ಆಗ ಏಳು ವರ್ಷ, ನನಗೆ ಹದಿನಾರು. ನೆಂಟರೊಬ್ಬರು ಎಲೆ ಒರೆಸುತ್ತ, ಆಶ್ಲೇಷಾದಲ್ಲಿ ಹುಟ್ಟಿದ ಮಗು, ತಾಯಿಯನ್ನೂ ಬಿಡುವುದಿಲ್ಲ ಅಂತಾರೆ ಎಂದು ಪಕ್ಕದವರಿಗೆ ಹೇಳಿದರು. ಅಮ್ಮ ಸತ್ತದ್ದು ಜಾಂಡೀಸಿನಿಂದ. ಡಾಕ್ಟರು ಹೇಳಿದ್ದರು, ಅಪ್ಪ ಹೇಳಿದ್ದರು, ನನಗೂ ಗೊತ್ತಿತ್ತು. ಆದರೂ ಆ ರಾತ್ರಿಯಿಂದ ಒಂದಷ್ಟು ದಿನ ನಾನು ತಂಗಿಯ ಪಕ್ಕ ಮಲಗಲಿಲ್ಲ. ಅವಳು ಚಾಪೆ ಎಳೆದುಕೊಂಡು ಹತ್ತಿರ ಬಂದರೆ ಸೆಖೆ ಎಂದು ಆ ಕಡೆ ತಿರುಗುತ್ತಿದ್ದೆ. ಇದನ್ನು ನಾನು ಯಾರಿಗೂ ಹೇಳಿಲ್ಲ. ಮೆಟ್ಟಿಲ ಮೇಲೆ ಅವಳ ಪಕ್ಕ ಕೂತು ಅದನ್ನೇ ನೆನೆಯುತ್ತಿದ್ದೆ, ಅವಳು ಕಾಲಿನ ಹೆಬ್ಬೆರಳಿನಿಂದ ಕಲ್ಲಿನ ಸಂದಿನ ಮಣ್ಣು ಕೆದರುತ್ತಿದ್ದಳು.

ಮೂರನೇ ಸುತ್ತು ಮುಗಿಸಿ ತಾಯಿ ನಮ್ಮ ಹತ್ತಿರ ಬಂದರು. ನಾವು ಎದ್ದು ನಿಂತೆವು. ಅವರಿಗೆ ಏದುಸಿರು ಬಂದಿತ್ತು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ಮೊದಲು ತಂಗಿಯ ಗಲ್ಲ ಹಿಡಿದರು.

"ನೀ ಹೇಳಿದ್ದು ಒಳ್ಳೇದಾಯ್ತು ಕೂಸೇ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನಂಗೆ ಅರವತ್ತು ಆಗ್ತಾ ಬಂತು. ನಕ್ಷತ್ರ ಇದ್ರೂ ಹೋಗೂದೇ, ಇಲ್ದಿದ್ರೂ ಹೋಗೂದೇ. ಆಶ್ಲೇಷಾ ಅಂತ ಮೊದ್ಲೇ ಬರೆದಿದ್ರೆ ನಾನು ಈ ಕೂಸನ್ನ ಮಾಡ್ಕಳ್ತಿದ್ದೆ. ಜೋಯಿಸರು ಬೇಡ ಅಂದ್ರೂ ಮಾಡ್ಕಳ್ತಿದ್ದೆ. ಆದ್ರೆ ಮುಚ್ಚಿಟ್ಟು ಕೊಡೂ ಮನೆ ಸಂಬಂಧ ನಂಗೆ ಬೇಡ. ನಾಳೆ ಇನ್ನೆಂತ ಮುಚ್ಚಿಟ್ಟೀರಿ ಅಂತ ನಾನು ದಿನಾ ನೋಡ್ತಾ ಕೂರೂಕೆ ಆಗೂದಿಲ್ಲ."

ನಾನು ಕಾಲಿಗೆ ಬೀಳಲು ಹೋದೆ. ತಪ್ಪು ನನ್ನದು, ಅವಳದೇನೂ ಇಲ್ಲ, ಅವಳಿಗೆ ಗೊತ್ತೇ ಇರಲಿಲ್ಲ ಎಂದು ತೊದಲಿದೆ. ಅದು ಗೊತ್ತಾಯಿತು ಎಂದರು ಅವರು, ಆದರೆ ಹೆಣ್ಣನ್ನು ಒಂದು ಮನೆಯಿಂದ ತಾನೇ ತರಬೇಕು, ಕಂಬದಿಂದ ಅಲ್ಲವಲ್ಲ. ಸಿಟ್ಟಿನಲ್ಲಿ ಹೇಳಲಿಲ್ಲ. ಹುಡುಗ ಹೋಗುವಾಗ ಎರಡು ಸಲ ಹಿಂತಿರುಗಿ ನೋಡಿದ. ತಂಗಿ ಒಂದು ಸಲ ನೋಡಿದಳು.

ಅಪ್ಪ ಹೊಳೆಯ ಮೆಟ್ಟಿಲಿನಿಂದ ಖಾಲಿ ಪೊಟ್ಟಣ ಮಡಚಿಕೊಂಡು ಬಂದರು. ಮೀನು ಇಷ್ಟಿಷ್ಟು ದಪ್ಪ ಉಂಟು ಎಂದು ಕೈ ಅಗಲಿಸಿ ತೋರಿಸುತ್ತಿದ್ದವರು ನಮ್ಮ ಮುಖ ನೋಡಿ ಕೈ ಕೆಳಗಿಳಿಸಿದರು. ನಡೆದದ್ದನ್ನು ನಾನೇ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಇದು ಲಕೋಟೆ ಇಲ್ಲದೆ ವಾಪಸು ಬಂತು ಎಂದರು ಅಷ್ಟೇ. ಬಸ್‌ಸ್ಟ್ಯಾಂಡಿನಲ್ಲಿ ನಮ್ಮನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, ಕೊಪ್ಪದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲು ಹೋದರು.

ನಾನು ಮಾತಾಡಲು ಶುರು ಮಾಡಿದೆ. ನನಗೆ ಹೆದರಿಕೆಯಾದರೆ ಬಾಯಿ ನಿಲ್ಲುವುದಿಲ್ಲ. ಇನ್ನೊಂದು ಸಂಬಂಧ ನೋಡೋಣ ಎಂದೆ, ಸರಿಯಾದ ಜಾತಕವನ್ನೇ ಕೊಡೋಣ ಎಂದೆ, ಈ ನಕ್ಷತ್ರ ಗಿಕ್ಷತ್ರ ಎಲ್ಲ ಮೂಢನಂಬಿಕೆ, ಜನರಿಗೋಸ್ಕರ ಹಾಗೆ ಮಾಡಿದ್ದು ಬಿಟ್ಟರೆ ನನಗೇನು ಅದರಲ್ಲಿ ನಂಬಿಕೆ ಇಲ್ಲ ಎಂದೆ. ತಂಗಿ ಅಲ್ಲಿಯವರೆಗೆ ಎದುರಿನ ಹೋಟೆಲಿನ ಬೋರ್ಡು ಓದುತ್ತಿದ್ದವಳು ನನ್ನ ಕಡೆ ತಿರುಗಿದಳು.

"ಅಕ್ಕ," ಎಂದಳು. "ಅಮ್ಮ ಹೋದದ್ದು ನನ್ನಿಂದ ಅಂತ ನಿಂಗೆ ಯಾವತ್ತಾದ್ರೂ ಅನಿಸಿತ್ತಾ?"

ಇಲ್ಲ ಎಂದೆ. ಆದರೆ ಕೂಡಲೇ ಹೇಳಲು ಆಗಲಿಲ್ಲ. ಎರಡೇ ಅಕ್ಷರ ಅದು, ಬಾಯಿಗೆ ಬರುವುದರೊಳಗೆ ಎಷ್ಟು ಹೊತ್ತಾಯಿತೋ, ಅಷ್ಟು ಹೊತ್ತೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.